ಗ್ಲೆನ್‌ನ ಕೊನೆಯ ಸೀಸನ್ನು, ನನ್ನ ಕಾಲು

ಸ್ಲಿಪ್ಪರು ಕಾಲಿನಿಂದ ಜಾರಿಹೋದದ್ದು ನನಗೆ ಗೊತ್ತೇ ಆಗಲಿಲ್ಲ. ಟೋಕಿಯೋದ ನಿಶಿ ಕಸಾಯಿ ಬಡಾವಣೆಯ ನಮ್ಮ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಬಾಲ್ಕನಿಗೆ ಹೋಗಿ ಬಟ್ಟೆ ಹರವಿ ಅಡುಗೆಮನೆಗೆ ವಾಪಸ್ಸು ಬಂದಾಗ ಮಗಳು ಮೇಘಾ ನನ್ನ ಪಾದ ನೋಡಿ ಕಿಸಕ್ಕನೆ ನಕ್ಕಳು. ಎಡಗಾಲಿನಲ್ಲಿ ಸ್ಲಿಪ್ಪರಿತ್ತು, ಬಲಗಾಲು ಬರಿಗಾಲು. ನವೆಂಬರಿನ ನೆಲ ಮಂಜುಗಡ್ಡೆಯ ಹಾಗಿದ್ದರೂ ಅಂಗಾಲಿಗೆ ತಣ್ಣಗೆ ಅನ್ನಿಸಿರಲಿಲ್ಲ. ನಾನೂ ನಕ್ಕೆ. ಹಿಂದಿನ ವಾರ ಹೊಟ್ಟೆ ಕೆಟ್ಟಿತ್ತು, ಆ ಸುಸ್ತು ಇನ್ನೂ ಹೋಗಿಲ್ಲ ಎಂದುಕೊಂಡೆ.

ಕಾಯಿಲೆ ದೊಡ್ಡದು ಎಂದು ತಿಳಿದ ಮೇಲೆ ನಾನು ಹುಡುಕಿದ್ದು ಒಂದನ್ನೇ: ಇದನ್ನು ದಾಟಿ ಆಚೆ ಹೋದ ಯಾರಾದರೂ ಒಬ್ಬರನ್ನು. ಹೇಗಿತ್ತು, ಎಷ್ಟು ಹೆದರಿದಿರಿ, ಯಾವಾಗ ನಕ್ಕಿರಿ ಎಂದು ಕೇಳಬೇಕಿತ್ತು. ಕನ್ನಡದಲ್ಲಿ ಹೇಳುವವರು ಯಾರೂ ಸಿಗಲಿಲ್ಲ. ಈಗ ನಾನು ಆಚೆ ದಡದಲ್ಲಿ ಇದ್ದೇನೆ. ಹಾಗಾಗಿ ಹೇಳುತ್ತಿದ್ದೇನೆ. ಹೇಳಹೊರಟರೆ ಅರ್ಧ ಕಥೆ ಒಬ್ಬ ಆಸ್ಟ್ರೇಲಿಯನ್ ಬ್ಯಾಸ್ಕೆಟ್‌ಬಾಲ್ ಆಟಗಾರನದೇ ಆಗುತ್ತದೆ. ಇರಲಿ.

ಅದು ೧೯೯೯ರ ಕೊನೆ. ಎರಡು ಸಾವಿರದ ಇಸವಿ ಹುಟ್ಟುತ್ತಲೇ ಕಂಪ್ಯೂಟರುಗಳೆಲ್ಲ ತಲೆ ಕೆಡಿಸಿಕೊಳ್ಳುತ್ತವೆ ಎಂಬ ಭಯವೇ ನಮ್ಮಂಥ ಎಷ್ಟೋ ಸಂಸಾರಗಳನ್ನು ಟೋಕಿಯೋಗೆ ಕರೆತಂದಿತ್ತು. ನನ್ನ ಗಂಡ ಮುರಳಿ ಒಂದು ಬ್ಯಾಂಕಿನ ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಯ ಅಂಕಿಗಳನ್ನು ತಿದ್ದುವ ಕೆಲಸಕ್ಕೆ ಬಂದಿದ್ದ. ನಾನು ಮೈಸೂರಿನವಳು, ಮದುವೆಯಾಗಿ ಬೆಂಗಳೂರು, ಅಲ್ಲಿಂದ ಇಲ್ಲಿಗೆ. ಮೇಘಾಳಿಗೆ ಐದು ವರ್ಷ. ಇಲ್ಲಿನ ಶಿಶುವಿಹಾರಕ್ಕೆ ಹೋಗುತ್ತಿದ್ದಳು, ಕನ್ನಡದಲ್ಲಿ ಕೇಳಿದರೆ ಜಪಾನಿಯಲ್ಲಿ ಉತ್ತರ ಕೊಡುತ್ತಿದ್ದಳು.

ಸ್ಲಿಪ್ಪರಿನ ಮಾರನೆಯ ದಿನ ಸ್ಟೇಷನ್ನಿನ ಮೆಟ್ಟಿಲಲ್ಲಿ ಮಂಡಿ ಕುಸಿಯಿತು. ಕಂಬಿ ಹಿಡಿದು ನಿಂತೆ. ಮನೆ ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಆಯಾಸ ಎಂದು ವಿಟಮಿನ್ ಪುಡಿಯ ಪೊಟ್ಟಣ ಕೊಟ್ಟರು. ಅದರ ಮಾರನೆಯ ಬೆಳಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಮುರಳಿ ಹತ್ತಿರದ ಫುನಾಬೊರಿಯಲ್ಲಿದ್ದ ನನ್ನ ಗೆಳತಿ ಪದ್ಮಿನಿಗೆ ಫೋನ್ ಮಾಡಿದ. ಅವಳು ಬಂದು ಮೇಘಾಳನ್ನು ಕರೆದುಕೊಂಡು ಹೋದಳು. ಟ್ಯಾಕ್ಸಿಯ ಡ್ರೈವರು ಬಿಳಿ ಗ್ಲೌಸು ತೆಗೆದಿಟ್ಟು ನನ್ನನ್ನು ಎತ್ತಿಕೊಳ್ಳಲು ಮುರಳಿಗೆ ಸಹಾಯ ಮಾಡಿದ.

ದೊಡ್ಡಾಸ್ಪತ್ರೆಯ ಕಾಯುವ ಹಾಲಿನಲ್ಲಿ ಅಷ್ಟು ಜನರಿದ್ದೂ ಸದ್ದೇ ಇರಲಿಲ್ಲ. ಬೋರ್ಡಿನಲ್ಲಿ ನಂಬರು ಬದಲಾದಾಗ ಒಂದು ಸಣ್ಣ ಗಂಟೆ, ಅಷ್ಟೇ. ನಮ್ಮ ಆಸ್ಪತ್ರೆಗಳ ಗಲಾಟೆಯಲ್ಲಿ ಭಯವನ್ನು ಹಂಚಿಕೊಳ್ಳಲಾದರೂ ಬರುತ್ತದೆ. ಅಲ್ಲಿ ಅವರವರ ಭಯ ಅವರವರ ಮಡಿಲಲ್ಲಿ. ಎದುರಿಗೆ ಕೂತಿದ್ದ ಒಬ್ಬ ಅಜ್ಜಿ ಚೀಲದಿಂದ ಕಿತ್ತಳೆಹಣ್ಣೊಂದನ್ನು ತೆಗೆದು ನನಗೆ ಕೊಟ್ಟರು. ಅರಿಗಾತೋ ಎಂದು ತೆಗೆದುಕೊಂಡೆ. ಸುಲಿಯಲು ಹೋದರೆ ಬೆರಳು ಕೇಳಲಿಲ್ಲ. ಅಜ್ಜಿ ಹಣ್ಣನ್ನು ವಾಪಸ್ಸು ತೆಗೆದುಕೊಂಡು, ಸುಲಿದು, ತೊಳೆ ಬಿಡಿಸಿ, ಕರ್ಚೀಫಿನ ಮೇಲಿಟ್ಟು ನನ್ನ ಮಡಿಲಿಗೆ ಇಟ್ಟರು. ನನ್ನ ಕೈಗೂ ಅದು ಬಂದಿದೆ ಎಂದು ನನಗೆ ತಿಳಿದದ್ದು ಆಗ.

ನರರೋಗದ ಡಾಕ್ಟರು ಸಣ್ಣ ಸುತ್ತಿಗೆಯಿಂದ ಮಂಡಿಗೆ ತಟ್ಟಿದರು. ಕಾಲು ಕದಲಲಿಲ್ಲ. ಇನ್ನೊಮ್ಮೆ ತಟ್ಟಿದರು. ನಾನು ಸುಮಿಮಾಸೆನ್ ಎಂದೆ, ತಪ್ಪು ನನ್ನದೇ ಎಂಬಂತೆ. ಅವರು ಮಾಸ್ಕಿನ ಹಿಂದೆ ನಕ್ಕಿರಬೇಕು, ಕಣ್ಣು ಸಣ್ಣಗಾದವು. ಆಮೇಲೆ ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿ, ನಿಧಾನದ ಇಂಗ್ಲಿಷಿನಲ್ಲಿ ಹೇಳಿದರು. ಕಾಯಿಲೆಯ ಹೆಸರು ಗಿಯಾನ್ ಬಾರೆ. ಮೈಯ ಕಾವಲುಪಡೆಯೇ ದಾರಿ ತಪ್ಪಿ ನರಗಳ ಮೇಲೆ ಬಿದ್ದಿದೆ. ಹೆಚ್ಚಿನವರು ಮತ್ತೆ ನಡೆಯುತ್ತಾರೆ, ಆದರೆ ಮೊದಲು ಇನ್ನಷ್ಟು ಕೆಳಗೆ ಹೋಗುತ್ತದೆ. ಎಷ್ಟು ಕೆಳಗೆ ಎಂದು ಮುರಳಿ ಕೇಳಿದ. ನೋಡೋಣ ಎಂದರು.

ಕೆಳಗೆ ಹೋಯಿತು. ಕಾಲು, ಕೈ, ಆಮೇಲೆ ಮುಖ. ಕಣ್ಣು ಪೂರ್ತಿ ಮುಚ್ಚಲಾಗದೆ ನರ್ಸುಗಳು ಟೇಪು ಅಂಟಿಸುತ್ತಿದ್ದರು. ದಿನಾ ಬೆಳಗ್ಗೆ ಡಾಕ್ಟರು ಒಂದು ಕೊಳವೆಗೆ ಊದಿಸುತ್ತಿದ್ದರು. ಉಸಿರಿನ ಬಲ ಕಮ್ಮಿಯಾದರೆ ಗಂಟಲಿಗೆ ಟ್ಯೂಬು ಹಾಕಿ ಯಂತ್ರಕ್ಕೆ ಜೋಡಿಸಬೇಕಿತ್ತು. ಅವರು ಕೊಳವೆಯ ಮೀಟರಿನ ಮುಳ್ಳನ್ನು ನೋಡುವಾಗ ನಾನು ಅವರ ಹುಬ್ಬನ್ನು ನೋಡುತ್ತಿದ್ದೆ. "ಕವಾರಿ ನಾಶಿ" ಎನ್ನುತ್ತಿದ್ದರು. ಬದಲಾವಣೆ ಇಲ್ಲ ಎಂದರ್ಥ. ಅಷ್ಟು ಒಣಕಲು ಮಾತಿಗಾಗಿ ನಾನು ಮತ್ತೆಂದೂ ಅಷ್ಟು ಆಸೆಯಿಂದ ಕಾದಿಲ್ಲ.

ಅತ್ತೆ ಫೋನಿನಲ್ಲಿ, ಚಳಿಗೆ ಕಾಲುಚೀಲ ಹಾಕಿಕೊಳ್ಳದೆ ಓಡಾಡಿದ್ದರಿಂದಲೇ ಇದೆಲ್ಲ ಎಂದು ತೀರ್ಮಾನ ಕೊಟ್ಟು ಚಾಮುಂಡಿಗೆ ಹರಕೆ ಹೊತ್ತರು. ನನ್ನ ಅಮ್ಮನ ಜೊತೆ ಮಾತಾಡಿದ್ದು ಕಷ್ಟದ ಕೆಲಸವಾಯಿತು. ತುಟಿಗಳು ಕೂಡುತ್ತಿರಲಿಲ್ಲ. ತುಟಿ ಕೂಡದಿದ್ದರೆ ಮಕಾರ ಹುಟ್ಟುವುದಿಲ್ಲ ಎಂದು ಒಂದನೇ ಕ್ಲಾಸಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಮುರಳಿ, ಮೇಘಾ, ಅಮ್ಮ: ನನಗೆ ಬೇಕಾದ ಮೂರು ಹೆಸರೂ ಅದೇ ಅಕ್ಷರದಲ್ಲಿದ್ದವು. ಮುರಳಿ ಫೋನನ್ನು ನನ್ನ ಕಿವಿಗೆ ಹಿಡಿದಿದ್ದ. ನಾನು ಅಮ್ಮ ಎಂದದ್ದು ಆ ತುದಿಯಲ್ಲಿ ಅನ್ನ ಎಂದು ಕೇಳಿಸಿತು. ಮಗಳಿಗೆ ಜಪಾನಿನವರು ಅನ್ನವೇ ಹಾಕುತ್ತಿಲ್ಲವೆಂದು ಅಮ್ಮ ಸರಸ್ವತೀಪುರಂನಲ್ಲೆಲ್ಲ ಹೇಳಿಕೊಂಡು ಅತ್ತಳಂತೆ. ಮೂರು ಹೊತ್ತೂ ಅನ್ನದ ಗಂಜಿಯನ್ನೇ ನನಗೆ ಉಣ್ಣಿಸುತ್ತಿದ್ದರು. ಮುರಳಿ ಇದನ್ನು ಹೇಳಿ ನಕ್ಕ, ನಗುತ್ತಾ ಹೋಗಿ ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ನಿಂತ.

ಮೇಘಾಳನ್ನು ಕರೆತಂದ ದಿನ ಅವಳು ನನ್ನ ಹತ್ತಿರ ಬರಲಿಲ್ಲ. ನಗಲು ಹೋದರೆ ನನ್ನ ಮುಖ ಒಂದು ಕಡೆಗೆ ಎಳೆಯುತ್ತಿತ್ತು. ಅಪ್ಪನ ಪ್ಯಾಂಟು ಹಿಡಿದು ಹಿಂದೆ ನಿಂತಳು. ಮಾತಾಡಿಸಿದ ನರ್ಸಿಗೆ ಜಪಾನಿಯಲ್ಲಿ ಏನೋ ಹೇಳಿದಳು. ಆ ನರ್ಸು ಅದನ್ನು ನನಗೆ ತಿಳಿಸಲಿಲ್ಲ. ನಾನೂ ಕೇಳಲಿಲ್ಲ.

ಔಷಧಿ ಹನಿಹನಿಯಾಗಿ ಮೈಗೆ ಇಳಿಯಿತು, ಕೆಳಗೆ ಹೋಗುವುದು ನಿಂತಿತು. ಡಿಸೆಂಬರಿನ ಮಧ್ಯದಲ್ಲಿ ನನ್ನನ್ನು ಗಾಲಿಕುರ್ಚಿಯಲ್ಲಿ ವ್ಯಾಯಾಮದ ಹಾಲಿಗೆ ಕರೆದೊಯ್ದರು. ಒಗಾವಾ ಸಾನ್ ಎಂಬ ಕುಳ್ಳಗಿನ, ಗಟ್ಟಿ ತೋಳಿನ ಹೆಂಗಸು ನನ್ನ ಶಿಕ್ಷಕಿ. ಪಕ್ಕದ ಚಾಪೆಯ ಮೇಲೆ, ಮೊಣಕಾಲಿನಿಂದ ಕೆಳಗೆಲ್ಲ ಚಾಪೆಯ ಹೊರಗೆ ಚಾಚಿಕೊಂಡು, ನಾನು ಕಂಡ ಮನುಷ್ಯರಲ್ಲೆಲ್ಲ ಉದ್ದವಾದವನೊಬ್ಬ ಮಲಗಿದ್ದ. ಅವನೇ ಗ್ಲೆನ್. ವಾರ್ಡಿನ ಮಂಚ ಸಾಲದೆ ಅವನ ಪಾದಕ್ಕೆ ಒಂದು ಬೆಂಚು, ಅದರ ಮೇಲೆ ದಿಂಬು ಇಟ್ಟಿದ್ದಾರೆಂದು ನರ್ಸುಗಳು ಹೇಳಿಕೊಂಡು ನಗುತ್ತಿದ್ದರು. ಒಂದು ಕಾರ್ಖಾನೆಯ ತಂಡಕ್ಕೆ ಆಡಲು ಬಂದವನು. ಅಭ್ಯಾಸದಲ್ಲಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದು, ಆಪರೇಷನ್ನಾಗಿ, ಗಾಯ ಕೀವಾಗಿ, ಮತ್ತೊಮ್ಮೆ ಆಪರೇಷನ್ನಾಗಿ ಸೇರಿದ್ದ. ಹಾಲಿನಲ್ಲಿ ಇಂಗ್ಲಿಷ್ ಮಾತಾಡುವವರು ನಾವಿಬ್ಬರೇ.

ಯಾವ ಜಾಗದಲ್ಲಿ ಆಡುತ್ತೀರಿ ಎಂದು ತೊದಲುತ್ತಾ ಕೇಳಿದೆ. ಫಾರ್ವರ್ಡ್ ಎಂದ. ಹಾಗಾದರೆ ಬೇರೆಯವರು ಬಾಲ್ ಹಾಕಲಿ ಎಂದು ಗೋಡೆಯಾಗಿ ನಿಂತು ಏಟು ತಿನ್ನುವವರು ನೀವೇ ಎಂದೆ. ಅವನು ಮೊಣಕೈ ಊರಿ ಎದ್ದು ಕೂತ. ಆಸ್ಪತ್ರೆಯ ನಿಲುವಂಗಿಯಲ್ಲಿ ಮುದುಡಿಕೊಂಡ ಒಬ್ಬ ಭಾರತೀಯ ಗೃಹಿಣಿಯಿಂದ ಆ ಮಾತನ್ನು ಅವನು ನಿರೀಕ್ಷಿಸಿರಲಿಲ್ಲ. ಮೈಸೂರಿನ ಕಾಲೇಜಿನ ಸಿಮೆಂಟು ಅಂಗಳದಲ್ಲಿ ನಾನು ಗಾರ್ಡ್ ಆಗಿ ಆಡಿದ್ದು, ವಿಶ್ವವಿದ್ಯಾನಿಲಯದ ತಂಡದಲ್ಲಿ ರೈಲು ಹತ್ತಿ ಊರೂರು ಸುತ್ತಿದ್ದು ಎಲ್ಲ ಹೇಳಿದೆ. ಮದುವೆಯಾದ ಮೇಲೆ ಇದನ್ನೆಲ್ಲ ಇಷ್ಟು ವಿವರವಾಗಿ ಯಾರೂ ಕೇಳಿರಲಿಲ್ಲ.

ಆಮೇಲೆ ದಿನಾ ಅವನ ಸರದಿ. ಒಗಾವಾ ಸಾನ್ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುವಾಗ ನೋವಿನ ಕಡೆ ಗಮನ ಹೋಗದಿರಲೆಂದು ಗ್ಲೆನ್ ತನ್ನ ಬದುಕನ್ನು ಕಂತುಕಂತಾಗಿ ಹೇಳಿದ. ಗೋಧಿ ಬೆಳೆಯುವ ಸಣ್ಣ ಊರು. ಅಪ್ಪ ಶಾಲೆಯ ಬಸ್ಸಿನ ಡ್ರೈವರು. ಹದಿನಾಲ್ಕಕ್ಕೇ ಬಸ್ಸಿನ ಬಾಗಿಲಲ್ಲಿ ಬಗ್ಗಬೇಕಾದಷ್ಟು ಬೆಳೆದವನನ್ನು ಮೇಷ್ಟರೊಬ್ಬರು ಆಟಕ್ಕೆ ಹಾಕಿದರು. ರಾಜ್ಯದ ಹುಡುಗರ ತಂಡಕ್ಕೆ ಆಯ್ಕೆಯಾದ, ದೇಶದ ತಂಡಕ್ಕೆ ಆಗಲಿಲ್ಲ. ಅಮೆರಿಕದ ಹಿಮ ಸುರಿಯುವ ಊರಿನ ಸಣ್ಣ ಕಾಲೇಜಿಗೆ ಸ್ಕಾಲರ್‌ಷಿಪ್ಪಿನಲ್ಲಿ ಹೋದ. ವಾಪಸ್ಸು ಬಂದು ವೃತ್ತಿ ಆಟಗಾರನಾದ, ಹೆಚ್ಚು ಹೊತ್ತು ಬೆಂಚಿನ ಮೇಲೇ. ವರ್ಷಕ್ಕೊಂದು ಕರಾರು, ವರ್ಷಕ್ಕೊಂದು ಊರು. ಒಂದು ಕ್ಲಬ್ಬು ಮುಚ್ಚಿದ ಸುದ್ದಿಯನ್ನು ಅಭ್ಯಾಸಕ್ಕೆ ಹೋಗುವಾಗ ಕಾರಿನ ರೇಡಿಯೋದಲ್ಲಿ ಕೇಳಿದನಂತೆ. ಆ ವರ್ಷ ಸೋಫಾ, ಮಂಚಗಳನ್ನು ಮನೆಮನೆಗೆ ಹೊತ್ತು ಹಾಕಿ ಬದುಕಿದ. ಒಂದು ಸೆಮಿಫೈನಲ್‌ನಲ್ಲಿ ಮುಖ್ಯ ಆಟಗಾರನಿಗೆ ಜ್ವರ ಬಂದು ಇವನಿಗೆ ಮೊದಲಿಂದ ಆಡುವ ಅವಕಾಶ ಸಿಕ್ಕಿತು. ರಿಂಗಿಗೆ ಬಡಿದು ಬಂದ ಬಾಲನ್ನೆಲ್ಲ ಹಿಡಿದ, ತಂಡ ಗೆದ್ದಿತು. ಮರುದಿನದ ಪತ್ರಿಕೆಯಲ್ಲಿ ಇವನ ಹೆಸರು ತಪ್ಪಾಗಿ ಅಚ್ಚಾಗಿತ್ತು. ಅದನ್ನು ಅವನಮ್ಮ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ್ದಳಂತೆ, ಪೆನ್ನಿನಲ್ಲಿ ತಿದ್ದಿ.

ಜಪಾನಿಗೆ ಬಂದದ್ದು ಕೊನೆಯ ಮಜಲು. ಇಲ್ಲಿ ತಂಡದ ಹುಡುಗರೆಲ್ಲ ಕಾರ್ಖಾನೆಯ ನೌಕರರು. ಬೆಳಗ್ಗೆ ಆಫೀಸು, ಮಧ್ಯಾಹ್ನದ ಮೇಲೆ ಆಟ. ಗ್ಲೆನ್‌ಗೂ ಒಂದು ಮೇಜು, ಅದರ ಮೇಲೆ ಅವನ ಹೆಸರಿನ ಫಲಕ ಇಟ್ಟಿದ್ದರು. ಮಾಡಲು ಕೆಲಸ ಮಾತ್ರ ಇರಲಿಲ್ಲ. ವಾರಕ್ಕೊಮ್ಮೆ ಹೋಗಿ ಆ ಮೇಜಿನ ಮುಂದೆ ಮಂಡಿ ತಗಲಿಸಿಕೊಂಡು ಕೂತು, ಪಕ್ಕದವರಿಗೆಲ್ಲ ತಲೆಬಾಗಿ ಬರುತ್ತಿದ್ದ.

"ಬೇಜಾರಾಗಲ್ವಾ?" ಎಂದು ಕೇಳಿದೆ.

"ಯಾವಾಗ ಬೇಡ ಅಂತಾರೋ ಅನ್ನೋ ಭಯ ಇರುತ್ತಲ್ಲ, ಬೇಜಾರಿಗೆ ಜಾಗವೇ ಇರಲ್ಲ" ಎಂದ.

ವರ್ಷದ ಕೊನೆಯ ದಿನ ಮುರಳಿ ಬ್ಯಾಂಕಿನಲ್ಲೇ ಇರಬೇಕಿತ್ತು. ಮೇಘಾ ಫುನಾಬೊರಿಯಲ್ಲಿ ಪದ್ಮಿನಿಯ ಮನೆಯಲ್ಲಿ. ಹೊಸ ವರ್ಷದ ಬೆಳಗ್ಗೆ ವಾರ್ಡೆಲ್ಲ ಖಾಲಿ. ನಡೆಯಬಲ್ಲವರನ್ನೆಲ್ಲ ಹಬ್ಬಕ್ಕೆ ಮನೆಗೆ ಕಳಿಸಿದ್ದರು. ಮುರಳಿ ಕೆಂಪು ಕಣ್ಣು, ಮುದುರಿದ ಕೋಟಿನಲ್ಲಿ ಬಂದು ನನ್ನ ಮಂಚದ ಅಂಚಿನಲ್ಲಿ ಕೂತ. ರಾತ್ರಿಯಿಡೀ ತೆರೆದಿರುವ ಕೊಂಬಿನಿ ಅಂಗಡಿಯಿಂದ ಎರಡು ಡಬ್ಬಿ ಬಿಸಿ ಕಾಫಿ ತಂದಿದ್ದ.

"ಏನೂ ಆಗ್ಲಿಲ್ಲ ಕಣೇ" ಎಂದ. "ಟೂ ಇಯರ್ಸ್ ಕೆಲಸ ಮಾಡಿದ್ದು ಇದಕ್ಕೇ. ಏನೂ ಆಗ್ಲಿಲ್ಲ."

ನಾನು "ಮುರಳಿ" ಎಂದೆ. ನಿನಗೆ ನಿದ್ದೆ ಬೇಕು ಎಂದು ಮುಂದೆ ಹೇಳಬೇಕೆಂದಿದ್ದೆ. ಅವನು ಡಬ್ಬಿಯನ್ನು ಕೆಳಗಿಟ್ಟು ಇನ್ನೊಂದು ಸಲ ಹೇಳು ಎಂದ. ಆಗ ನನಗೂ ಹೊಳೆಯಿತು. ತುಟಿ ಕೂಡಿದ್ದವು. ಅವನ ಹೆಸರು ಪೂರ್ತಿಯಾಗಿ, ಮೊದಲ ಅಕ್ಷರದ ಸಮೇತ, ಬಂದಿತ್ತು. ಹೇಳಿದೆ. ಮತ್ತೆ ಹೇಳಿದೆ. ಕಾರಿಡಾರಿನ ಫೋನಿಗೆ ಗಾಲಿಕುರ್ಚಿ ತಳ್ಳಿಸಿಕೊಂಡು ಹೋಗಿ ಮೈಸೂರಿಗೂ ಹೇಳಿದೆ. ಅಲ್ಲಿ ಇನ್ನೂ ಬೆಳಕು ಹರಿಯುತ್ತಿತ್ತು. ಅಮ್ಮ, ಊಟಕ್ಕೆ ಏನು ಕೊಟ್ಟರು ಎಂದು ಕೇಳಿದಳು.

ಜನವರಿಯಲ್ಲಿ ಕೈ ಬಂತು. ಚಮಚ ಹಿಡಿದೆ. ಕಾಲು ಹಿಂದೆ ಉಳಿಯಿತು. ಎರಡು ಕಂಬಿಗಳ ನಡುವೆ ನಿಲ್ಲಿಸಿದರೆ ಕೈಗಳ ಮೇಲೆ ಜೋತುಬೀಳುತ್ತಿದ್ದೆ. ಒಂದು ಕೈ ಬಿಡಿ ಎಂದರೆ ಕಂಬಿಯನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಿದ್ದೆ. ಬೀಳದಂತೆ ಒಗಾವಾ ಸಾನ್ ನನ್ನ ಸೊಂಟಕ್ಕೆ ಕಟ್ಟಿದ ಪಟ್ಟಿ ಹಿಡಿದೇ ಇರುತ್ತಾರೆ ಎಂದು ಬುದ್ಧಿಗೆ ಗೊತ್ತು, ಮೈಗೆ ಗೊತ್ತಿಲ್ಲ. ಒಂದು ದಿನ, ನಾಳೆಯಿಂದ ಕಂಬಿಯ ಹತ್ತಿರ ಬರುವುದಿಲ್ಲ ಎಂದೆ. ಗಾಲಿಕುರ್ಚಿಯಲ್ಲೇ ಇರುವವರು ಬದುಕುತ್ತಿಲ್ಲವೇ ಎಂದು ಮುರಳಿಯ ಜೊತೆ ವಾದ ಹೂಡಿದೆ. ಬದುಕುತ್ತಾರೆ, ನಿಜವೇ. ಆದರೆ ನಾನು ಹೇಳಿದ್ದು ಬರೀ ಹೆದರಿಕೆಯಿಂದ, ಅವನಿಗೂ ಅದು ಗೊತ್ತಿತ್ತು.

ಅದೇ ವಾರ ಗ್ಲೆನ್ ಎರಡು ದಿನ ಹಾಲಿಗೆ ಬರಲಿಲ್ಲ. ಬಂದಾಗ ಗಡ್ಡ ಬೋಳಿಸಿದ್ದ. ಕಾರ್ಖಾನೆಯವರು ಇಬ್ಬರು ಕೋಟು ಹಾಕಿಕೊಂಡು ಬಂದು, ಸೊಂಟದವರೆಗೆ ಬಾಗಿ, ವ್ಯಾಪಾರ ಚೆನ್ನಾಗಿಲ್ಲದ್ದರಿಂದ ಈ ಸೀಸನ್ನಿನ ಕೊನೆಗೆ ತಂಡವನ್ನೇ ಮುಚ್ಚುತ್ತಿದ್ದೇವೆ ಎಂದು ತಿಳಿಸಿ ಹೋದರಂತೆ. ಅವನ ಹಿಮ್ಮಡಿ ಆಡುವಷ್ಟು ಗಟ್ಟಿಯಾಗಲು ಇನ್ನೂ ತಿಂಗಳುಗಳು ಬೇಕಿದ್ದವು. ಅಂದರೆ ಅವನ ಕೊನೆಯ ಆಟ ಅವನಿಗೆ ಗೊತ್ತಿಲ್ಲದೆ ಯಾವಾಗಲೋ ಆಗಿಹೋಗಿತ್ತು.

"ನಿಜ ಹೇಳ್ಲಾ? ಹಗುರ ಆಯ್ತು" ಎಂದ. "ಇಷ್ಟು ವರ್ಷ ನನ್ನನ್ನ ಯಾವಾಗ ಬೇಡ ಅಂತಾರೋ ಅಂತ ಕಾದೆ. ಈಗ ಅಂದ್ಬಿಟ್ರು. ನಾನಿನ್ನೂ ಇಲ್ಲೇ ಇದೀನಿ, ನೋಡಿ."

ಮುಖ ನೋಡಿದೆ. ಸುಳ್ಳು ಹೇಳುವವನ ಮುಖ ಅದಾಗಿರಲಿಲ್ಲ. ನಾನು ಕಂಬಿಯ ಹತ್ತಿರ ಹೋಗುವುದಿಲ್ಲ ಎಂದದ್ದು ಅವನ ಕಿವಿಗೂ ಬಿದ್ದಿತ್ತು. ಶನಿವಾರ ಮಗಳು ಬರುತ್ತಾಳಾ ಎಂದಷ್ಟೇ ಕೇಳಿದ.

ಶನಿವಾರ ಮೇಘಾ ಬಂದಳು. ನನ್ನ ಮುಖ ನೆಟ್ಟಗಾಗಿದ್ದರೂ ಅವಳ ಸಂಕೋಚ ಹೋಗಿರಲಿಲ್ಲ. ಗ್ಲೆನ್ ಊರುಗೋಲು ಬದಿಗಿಟ್ಟು ಸ್ಟೂಲಿನ ಮೇಲೆ ಕೂತು ತನಗೆ ತಿಳಿದ ಜಪಾನಿಯಲ್ಲಿ ಅವಳ ಜೊತೆ ಮಾತಿಗಿಳಿದ. ಅದೆಲ್ಲ ಆಟದ ಮೈದಾನದಲ್ಲಿ ಕಲಿತ ಜಪಾನಿ. ಓಡು, ಬಿಡಬೇಡ, ಇನ್ನೊಂದು ಸಲ ಎಂಬಂಥವು. ಅಷ್ಟೇ ಸಾಕಾಯಿತು. ಮೆತ್ತನೆಯ ಬಾಲೊಂದನ್ನು ಅವಳ ಕೈಗೆ ಕೊಟ್ಟು, ತನ್ನ ಕೈಗೆ ಸಿಗದ ಹಾಗೆ ಅಮ್ಮನ ಹಿಂದೆ ಅಡಗಿಕೋ ಎಂದ. ಆಮೇಲೆ ನನ್ನ ಕಡೆ ತಿರುಗಿದ.

"ನೀವು ಇವತ್ತು ಫಾರ್ವರ್ಡ್. ನಡೆಯೋದು ಬೇಡ, ಏನೂ ಬೇಡ. ಅವಳ ಮುಂದೆ ನಿಂತಿರಿ. ನಾನು ದಾಟಿ ಹೋಗ್ಬಾರ್ದು."

ಒಗಾವಾ ಸಾನ್ ಏನನ್ನೂ ಕೇಳದೆ ನನ್ನನ್ನು ಕಂಬಿಗಳ ನಡುವೆ ಎಬ್ಬಿಸಿ ಪಟ್ಟಿ ಹಿಡಿದರು. ಮೇಘಾ ಓಡಿಬಂದು ನನ್ನ ಬೆನ್ನಿಗೆ ಅಂಟಿಕೊಂಡಳು. ಎರಡು ತಿಂಗಳಲ್ಲಿ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಗ್ಲೆನ್ ಗಾಲಿಯ ಸ್ಟೂಲನ್ನು ಒಳ್ಳೆಯ ಕಾಲಿನಿಂದ ತಳ್ಳಿಕೊಂಡು ಒಂದು ಕಡೆಯಿಂದ ಉದ್ದನೆಯ ಕೈ ಚಾಚಿದ. ಮೇಘಾ ಕಿರುಚುತ್ತಾ ಇನ್ನೊಂದು ಬದಿಗೆ ಸರಿದಳು. ಅವನು ಆ ಬದಿಗೆ ಬಂದ. ನಾನು ಅಡ್ಡ ಬಂದೆ. ಎಡಗೈ ಕಂಬಿಯಿಂದ ಎದ್ದು ಅವನ ತೋಳನ್ನು ತಡೆಯಿತು. ಅವನು ಮತ್ತೆ ಬಲಕ್ಕೆ ಬಂದ, ಬಲಗೈಯೂ ಎದ್ದಿತು. ಕಾಲೇಜಿನಲ್ಲಿ ಕಲಿಸಿದಂತೆ ಮಂಡಿ ಬಗ್ಗಿಸಿ, ಎರಡೂ ಕೈ ಚಾಚಿ, ನನ್ನ ಮಗಳಿಗೂ ಆ ದೈತ್ಯನಿಗೂ ಮಧ್ಯೆ ನಿಂತಿದ್ದೆ. ಮೇಘಾ ನನ್ನ ಅಂಗಿಯನ್ನು ಎರಡು ಮುಷ್ಟಿಯಲ್ಲಿ ಹಿಡಿದು ಕನ್ನಡದಲ್ಲೇ, "ಅಮ್ಮ, ಬಿಡಬೇಡ, ಬಿಡಬೇಡ" ಎನ್ನುತ್ತಿದ್ದಳು.

ಗ್ಲೆನ್ ಕೈ ಇಳಿಸಿದ. ಒಗಾವಾ ಸಾನ್ ನನ್ನ ಮುಂದೆ ಬಂದು ತಮ್ಮ ಎರಡೂ ಅಂಗೈಗಳನ್ನು ತೋರಿಸಿದರು. ಪಟ್ಟಿ ಅವರ ಕೈಯಲ್ಲಿರಲಿಲ್ಲ. ಯಾವಾಗ ಬಿಟ್ಟರೋ.

ಫೆಬ್ರವರಿಯ ಕೊನೆಗೆ ಮನೆಗೆ ಕಳಿಸಿದರು, ಒಂದು ಕೋಲು ಮತ್ತು ಪಾದಕ್ಕೆ ಒಂದು ಪ್ಲಾಸ್ಟಿಕ್ ಆಸರೆಯ ಜೊತೆ. ಪದ್ಮಿನಿ ಹೋಳಿಗೆ ಮಾಡಿಕೊಂಡು ಬಂದಳು. ಮಾರ್ಚಿನಲ್ಲಿ ಗ್ಲೆನ್‌ನ ತಂಡದ ಕೊನೆಯ ಆಟ ಇಚಿಕಾವಾದ ಒಂದು ಕ್ರೀಡಾಂಗಣದಲ್ಲಿತ್ತು. ನಾವು ಮೂವರೂ ಹೋದೆವು. ಅವನು ಸೂಟು ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದ, ಆಡುವವರಿಗೆ ನೀರು, ಟವೆಲು ಕೊಡುತ್ತಿದ್ದ. ತಂಡ ಸೋತಿತು. ಕಾರ್ಖಾನೆಯಿಂದ ಬಂದಿದ್ದವರೆಲ್ಲ ಎದ್ದು ನಿಂತರು, ಆಟಗಾರರು ಸಾಲಾಗಿ ನಿಂತು ಅವರಿಗೆ ಬಾಗಿದರು. ಸಾಲಿನ ಕೊನೆಯಲ್ಲಿ ಗ್ಲೆನ್ ಬಾಗಿದಾಗ ಉಳಿದವರ ಎತ್ತರಕ್ಕೆ ಬಂದ. ಹುಡುಗರಲ್ಲಿ ಕೆಲವರು ಅಳುತ್ತಿದ್ದರು. ಅವನು ಒಬ್ಬೊಬ್ಬರ ಬೆನ್ನೂ ತಟ್ಟುತ್ತಾ ಹೋದ.

ಹೊರಡುವಾಗ ಬಾಗಿಲಲ್ಲಿ ಸಿಕ್ಕ. ಊರಿನ ಶಾಲೆಯಲ್ಲಿ ಹೆಣ್ಣುಮಕ್ಕಳ ತಂಡಕ್ಕೆ ಆಟ ಕಲಿಸುವವರು ಯಾರೂ ಇಲ್ಲವಂತೆ, ಅಪ್ಪನೂ ಬಸ್ಸು ಬಿಡುವುದನ್ನು ನಿಲ್ಲಿಸುವವರಿದ್ದಾರಂತೆ. "ಎರಡೂ ಕೆಲಸ ನನಗೇ ಅಂತೆ. ಆಡೋಕೂ ನಾನೇ ಕರ್ಕೊಂಡು ಹೋಗ್ಬೇಕು, ಸೋತ್ರೂ ನಾನೇ ಕರ್ಕೊಂಡು ಬರ್ಬೇಕು" ಎಂದು ನಕ್ಕ. ಆಮೇಲಿನ ಸುದ್ದಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮರುವರ್ಷ ಫೋನ್ ಮಾಡಿದ್ದ. ಆಡಿದ್ದೆಲ್ಲ ಸೋತಿದ್ದರು, ಒಬ್ಬಳೂ ಬಿಟ್ಟು ಹೋಗಿರಲಿಲ್ಲ. ನನಗಾದರೆ ಸಂಜೆ ಹೊತ್ತು ಪಾದ ಈಗಲೂ ಜುಮುಜುಮು ಎನ್ನುತ್ತದೆ, ಬೇಗ ದಣಿಯುತ್ತೇನೆ. ಈ ಕಾಯಿಲೆಯಲ್ಲಿ ಈಗ ಮಲಗಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಥವಾ ಯಾರಾದರೂ ನಿಮಗೆ ಓದಿ ಹೇಳುತ್ತಿದ್ದರೆ, ಇದು ಬಹಳ ನಿಧಾನ ಎನ್ನುವುದನ್ನು ನಂಬಿ. ಆದರೂ ಬರುತ್ತದೆ.

ಆ ಸಂಜೆ ವಾಪಸ್ಸು ಬರುವಾಗ ತೋಝಾಯಿ ಲೈನಿನ ಮೆಟ್ರೋ ರೈಲಿನಲ್ಲಿ ಭಾನುವಾರದ ಜನ. ಪಾದದ ಆಸರೆ ಪ್ಯಾಂಟಿನ ಒಳಗಿತ್ತು, ಕೋಲನ್ನು ಮಡಚಿ ಮುರಳಿಯ ಬ್ಯಾಗಿಗೆ ಹಾಕಿದ್ದೆವು. ಒಂದು ಸೀಟೂ ಖಾಲಿ ಇರಲಿಲ್ಲ.

"ಯಾರನ್ನಾದ್ರೂ ಸೀಟ್ ಕೇಳ್ಲಾ?" ಎಂದ ಮುರಳಿ.

"ಬೇಡ" ಎಂದೆ.

ರೈಲು ಹೊಳೆಯ ಮೇಲೆ ಬಂತು. ನಾನು ಎಲ್ಲರಂತೆ ತೂಗುವ ಹಿಡಿಕೆ ಹಿಡಿದು ನಿಂತಿದ್ದೆ, ಮೇಘಾ ನನ್ನ ಕೋಟು ಹಿಡಿದು ನಿಂತಿದ್ದಳು. ಪಕ್ಕದ ಯುವಕನ ಚೀಲ ಭುಜಕ್ಕೆ ತಾಗಿತು, ಅವನು ತಿರುಗಿಯೂ ನೋಡಲಿಲ್ಲ. ಎದುರಿಗೆ ಕೂತಿದ್ದವರು ತೂಕಡಿಸುತ್ತಿದ್ದರು. ಇಡೀ ಬೋಗಿಯಲ್ಲಿ ಯಾರಿಗೂ ನನಗೆ ಸೀಟು ಬಿಟ್ಟುಕೊಡಬೇಕು ಎನ್ನಿಸಲಿಲ್ಲ.